ಮಾಲೀಕನೇ ಡ್ರೈವರ್: ಅಲನ್ ಕುಲ್ವಿಕಿಯ ಸಣ್ಣ ತಂಡದ ಪ್ರಕರಣ

ಅಮೆರಿಕದ ಸ್ಟಾಕ್ ಕಾರ್ ರೇಸಿಂಗ್‌ನಲ್ಲಿ, ಅಂದರೆ ಮಾಮೂಲಿ ರಸ್ತೆ ಕಾರಿನ ರೂಪದ ಕಾರುಗಳ ಓಟದಲ್ಲಿ, ಜೂನಿಯರ್ ಜಾನ್ಸನ್ ದೊಡ್ಡ ಹೆಸರು. ಡ್ರೈವರ್ ಆಗಿ 50 ರೇಸ್ ಗೆದ್ದವನು. ತಂಡದ ಮಾಲೀಕನಾಗಿ 6 ಚಾಂಪಿಯನ್‌ಶಿಪ್ ತಂದವನು. ಅಂಥವನು ಕರೆದು, ನನ್ನ 11ನೇ ನಂಬರ್ ಕಾರು ಓಡಿಸು ಅಂದರೆ ಯಾರು ಬೇಡ ಅಂತಾರೆ? 1990ರ ಸೀಸನ್‌ಗೆ ಹೀಗೆ ಕರೆ ಬಂದಾಗ ಅಲನ್ ಕುಲ್ವಿಕಿ ಬೇಡ ಅಂದ. ಮರುವರ್ಷಕ್ಕೆ ಜಾನ್ಸನ್ ಮತ್ತೆ ಕರೆದ. ಈ ಸಲ ಹತ್ತು ಲಕ್ಷ ಡಾಲರ್ ಕೊಡುತ್ತೇನೆ ಅಂದ. ಕುಲ್ವಿಕಿ ಮತ್ತೆ ಬೇಡ ಅಂದ. ತನ್ನದೇ ತಂಡ ನಡೆಸುತ್ತೇನೆ ಅನ್ನುವುದೇ ಎರಡು ಸಲವೂ ಅವನ ಉತ್ತರ.

ಆ 'ತನ್ನದೇ ತಂಡ' ಎಷ್ಟು ದೊಡ್ಡದಿತ್ತು ಅಂತ ನೋಡಿದರೆ ಅವನ ಉತ್ತರ ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಒಂದೇ ಕಾರಿನ ತಂಡ. ಕೈಬೆರಳೆಣಿಕೆಯ ಕೆಲಸಗಾರರು. ಮಾಲೀಕ, ಡ್ರೈವರ್, ಎಂಜಿನಿಯರ್, ಪ್ರಾಯೋಜಕರನ್ನು ಹುಡುಕುವವನು ಎಲ್ಲಾ ಅವನೇ. ಎರಡು ವರ್ಷ ಕಳೆದ ಮೇಲೆ, 1992ರಲ್ಲಿ, ಅದೇ ತಂಡ ಈ ರೇಸ್‌ಗಳನ್ನು ನಡೆಸುವ ನ್ಯಾಸ್ಕಾರ್ ಸಂಸ್ಥೆಯ ಅತಿ ದೊಡ್ಡ ಸರಣಿಯಾದ ವಿನ್ಸ್ಟನ್ ಕಪ್ ಗೆದ್ದಿತು. ಅದಾಗಿ ಆರು ತಿಂಗಳೂ ಆಗುವ ಮೊದಲೇ ಮಾಲೀಕ ತೀರಿಕೊಂಡ. ಅದೇ ವರ್ಷ ತಂಡ ಬೇರೆಯವರ ಕೈ ಸೇರಿತು. ಗೆಲುವು, ಕುಸಿತ ಎರಡಕ್ಕೂ ಮೂಲ ಒಂದೇ ಅನ್ನುವುದು ನನ್ನ ಅಭಿಪ್ರಾಯ. ಇಡೀ ತಂಡ ಒಬ್ಬನ ತಲೆಯೊಳಗೆ ಇತ್ತು. ಈ ಪ್ರಕರಣವನ್ನು ನಾನು ಆ ಕಡೆಯಿಂದಲೇ ನೋಡುತ್ತೇನೆ.

ವಿಸ್ಕಾನ್ಸಿನ್‌ನಿಂದ ಶಾರ್ಲೆಟ್‌ಗೆ

ಸ್ಟಾಕ್ ಕಾರ್ ರೇಸಿಂಗ್ ಅಮೆರಿಕದ ದಕ್ಷಿಣದ ರಾಜ್ಯಗಳ ಆಟ. ನಾರ್ತ್ ಕ್ಯಾರೊಲೈನಾದ ಶಾರ್ಲೆಟ್ ಸುತ್ತಮುತ್ತಲೇ ಹೆಚ್ಚಿನ ತಂಡಗಳ ಗ್ಯಾರೇಜ್. ಅಲ್ಲಿ ಅಪ್ಪ, ಚಿಕ್ಕಪ್ಪ, ಅಣ್ಣತಮ್ಮಂದಿರು ಎಲ್ಲಾ ಸೇರಿ ಒಂದು ಕುಟುಂಬದ ಕಸುಬಿನ ಹಾಗೆ ಇದನ್ನು ನಡೆಸಿಕೊಂಡು ಬಂದವರು ಜಾಸ್ತಿ. ಪೆಟ್ಟಿ, ಆಲಿಸನ್, ಅರ್ನ್‌ಹಾರ್ಟ್ ಅಂತ ಮನೆತನದ ಹೆಸರುಗಳೇ ಅಲ್ಲಿ ಓಡುತ್ತವೆ.

ಕುಲ್ವಿಕಿ ಹುಟ್ಟಿದ್ದು 1954ರಲ್ಲಿ, ಉತ್ತರದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಲ್ವಾಕಿ ಪಕ್ಕದ ಗ್ರೀನ್‌ಫೀಲ್ಡ್‌ನಲ್ಲಿ. ಪೋಲೆಂಡ್ ಮೂಲದ ಮನೆತನ. ಅಪ್ಪ ರೇಸ್ ಎಂಜಿನ್ ಕಟ್ಟುತ್ತಿದ್ದವನು. ಮಗ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಿಲ್ವಾಕಿ ಕ್ಯಾಂಪಸ್‌ನಲ್ಲಿ 1977ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ. ಆ ಕಾಲದ ನ್ಯಾಸ್ಕಾರ್ ಗ್ಯಾರೇಜ್‌ನಲ್ಲಿ ಎಂಜಿನಿಯರಿಂಗ್ ಡಿಗ್ರಿ ಇದ್ದ ಡ್ರೈವರ್ ಅಂದರೆ ಸುಮ್ನೆ ಒಂದು ವಿಚಿತ್ರ. ಅವನು ಟ್ರ್ಯಾಕ್‌ಗೆ ಬ್ರೀಫ್‌ಕೇಸ್ ಹಿಡಿದುಕೊಂಡು ಬರುತ್ತಿದ್ದ ಅನ್ನುವುದನ್ನು ಜನ ಇವತ್ತಿಗೂ ಹೇಳುತ್ತಾರೆ. ಗ್ರೀಸ್ ಮೆತ್ತಿದ ಬಟ್ಟೆಯವರ ನಡುವೆ ಬ್ರೀಫ್‌ಕೇಸ್!

ಊರಿನ ಸಣ್ಣ ಟ್ರ್ಯಾಕ್‌ಗಳಲ್ಲಿ, ಆಮೇಲೆ ಮಧ್ಯಪಶ್ಚಿಮದ ಸರಣಿಗಳಲ್ಲಿ ಓಡಿಸಿ ಹೆಸರು ಮಾಡಿದ. 1985ರಲ್ಲಿ ಬಿಲ್ ಟೆರಿ ಅನ್ನುವವನ ಕಾರಿನಲ್ಲಿ ಕಪ್ ಸರಣಿಯ ಕೆಲವು ರೇಸ್ ಓಡಿಸಿದ. ಅದರ ಬೆನ್ನಿಗೇ ಇದ್ದದ್ದನ್ನೆಲ್ಲಾ ಮಾರಿ ಶಾರ್ಲೆಟ್‌ಗೆ ಹೊರಟ. ಹೊರಡಲು ಎರಡು ದಿನ ಇರುವಾಗ ವೈರಿಂಗ್‌ನಿಂದ ಬೆಂಕಿ ಹತ್ತಿ ಅವನ ಟ್ರಕ್ ಸುಟ್ಟುಹೋಯಿತು. ಬೇರೆಯವರ ಗಾಡಿ ಇಸಕೊಂಡು, ಉಳಿದ ಸಾಮಾನಿನ ಟ್ರೇಲರ್ ಎಳೆದುಕೊಂಡು ದಕ್ಷಿಣಕ್ಕೆ ಬಂದ.

1986ರಲ್ಲಿ ಟೆರಿ ಕೈಬಿಟ್ಟಾಗ ತಂಡವನ್ನು ಇವನೇ ತಗೊಂಡ. ಆ ವರ್ಷ ಅವನ ಹತ್ತಿರ ಇದ್ದದ್ದು ಒಂದು ಕಾರು, ಎರಡು ಎಂಜಿನ್, ಪೂರ್ತಿ ಸಂಬಳದ ಇಬ್ಬರು ಕೆಲಸಗಾರರು. ಇಷ್ಟರಲ್ಲೇ ವರ್ಷದ ಶ್ರೇಷ್ಠ ಹೊಸ ಡ್ರೈವರ್ ಪ್ರಶಸ್ತಿ ಬಂತು. ಕಾರು ಒಂದೇ ಇದ್ದಾಗ ಅದನ್ನು ಗೋಡೆಗೆ ಹೊಡೆಯುವ ಹಾಗಿಲ್ಲ ಅಲ್ವಾ? ಹೊಡೆದರೆ ಮುಂದಿನ ವಾರ ಕೆಲಸವೇ ಇಲ್ಲ. ಕಾರನ್ನು ಉಳಿಸಿಕೊಂಡು ಫಿನಿಶ್ ಮಾಡುವ ಅಭ್ಯಾಸ ಅವನಿಗೆ ಅಲ್ಲಿಂದಲೇ ಹತ್ತಿತು ಅಂತ ನಾನು ಅಂದುಕೊಂಡಿದ್ದೇನೆ. 1992ರಲ್ಲಿ ಅದೇ ಕೈ ಹಿಡಿಯಿತು.

1987ರಿಂದ ಜೆರೆಕ್ಸ್ ಅನ್ನುವ ಕೂಲೆಂಟ್ ಕಂಪನಿ ಪ್ರಾಯೋಜಕನಾಗಿ ಬಂತು. ಕಾರಿಗೆ 7ನೇ ನಂಬರ್ ಬಂತು. 1988ರ ನವೆಂಬರ್‌ನಲ್ಲಿ ಫೀನಿಕ್ಸ್‌ನಲ್ಲಿ ಮೊದಲ ಗೆಲುವು. ಗೆದ್ದವನು ಕಾರು ತಿರುಗಿಸಿ ಟ್ರ್ಯಾಕ್ ಸುತ್ತ ಉಲ್ಟಾ ದಿಕ್ಕಿನಲ್ಲಿ ಒಂದು ಸುತ್ತು ಬಂದ. ಓವಲ್ ಟ್ರ್ಯಾಕ್‌ನಲ್ಲಿ ಎಲ್ಲರೂ ಎಡಕ್ಕೇ ತಿರುಗುತ್ತಾ ಓಡುತ್ತಾರೆ. ಹಾಗಾಗಿ ಡ್ರೈವರ್ ಸೀಟು ಇರುವ ಎಡಬದಿ ಪ್ರೇಕ್ಷಕರಿಗೆ ಕಾಣುವುದೇ ಇಲ್ಲ. ಉಲ್ಟಾ ಬಂದರೆ ಕಿಟಕಿಯಿಂದ ಕೈ ಬೀಸಿದ್ದು ಎಲ್ಲರಿಗೂ ಕಾಣುತ್ತದೆ. ಇದಕ್ಕೆ ಪೋಲಿಷ್ ವಿಕ್ಟರಿ ಲ್ಯಾಪ್ ಅಂತ ಹೆಸರಾಯಿತು.

ಬೇಡ ಅಂದದ್ದರ ಬೆಲೆ

ಈಗ ಜಾನ್ಸನ್ ಕರೆದ ವಿಷಯಕ್ಕೆ ಬರೋಣ. ಅದಕ್ಕೆ ಮೊದಲು ಈ ಆಟದ ಹಣದ ಲೆಕ್ಕ ಗೊತ್ತಿರಬೇಕು. ಇಲ್ಲಿ ಬಹುಮಾನದ ದುಡ್ಡಿನಿಂದ ತಂಡ ನಡೆಯುವುದಿಲ್ಲ. ಕಾರಿನ ಬಾನೆಟ್ ಮೇಲೆ ಹೆಸರು ಬರೆಸಿಕೊಳ್ಳುವ ಕಂಪನಿ ಕೊಡುವ ದುಡ್ಡೇ ಉಸಿರು. ಆ ಕಂಪನಿ ಹೋದರೆ ಟೈರ್ ಕೊಳ್ಳಲೂ ಯೋಚನೆ ಮಾಡಬೇಕು. ದೊಡ್ಡ ತಂಡಕ್ಕೆ ಎರಡು ಮೂರು ಕಡೆಯಿಂದ ದುಡ್ಡು ಬರುತ್ತದೆ, ಒಂದು ನಿಂತರೂ ತಡೆದುಕೊಳ್ಳುತ್ತದೆ. ಒಂದೇ ಕಾರಿನ ತಂಡಕ್ಕೆ ಆ ಆಸರೆ ಇಲ್ಲ.

1990ರ ಸೀಸನ್ ಜೊತೆಗೆ ಜೆರೆಕ್ಸ್ ನಂಟು ಮುಗಿಯಿತು. ಮುಂದಿನ ವರ್ಷಕ್ಕೆ ಮ್ಯಾಕ್ಸ್‌ವೆಲ್ ಹೌಸ್ ಕಾಫಿ ಕಂಪನಿ ಜೊತೆ ಕುಲ್ವಿಕಿಯ ಮಾತು ನಡೆದಿತ್ತು. ಇನ್ನೇನು ಕುದುರಿತು ಅನ್ನುವ ಹಂತ. ಜಾನ್ಸನ್ ಹತ್ತು ಲಕ್ಷ ಡಾಲರ್ ಹಿಡಿದು ಬಂದದ್ದು ಅದೇ ಹೊತ್ತಿಗೆ, ತನ್ನ ಎರಡನೇ ಕಾರಿಗೆ ಡ್ರೈವರ್ ಬೇಕು ಅಂತ. ಕುಲ್ವಿಕಿ ಒಲ್ಲೆ ಅಂದ. ಜಾನ್ಸನ್ ಹೋಗಿ ಮ್ಯಾಕ್ಸ್‌ವೆಲ್ ಹೌಸ್ ಜೊತೆ ತಾನೇ ಒಪ್ಪಂದ ಮಾಡಿಕೊಂಡ. ಕುಲ್ವಿಕಿಗೆ ಕೆಲಸವೂ ಇಲ್ಲ, ಕಾಫಿಯೂ ಇಲ್ಲ.

1991ರ ಸೀಸನ್ ಅವನು ಪ್ರಾಯೋಜಕನಿಲ್ಲದೆ, ಕೈಯಿಂದ ದುಡ್ಡು ಹಾಕಿ ಶುರು ಮಾಡಿದ. ಆಗ ಕೊಲ್ಲಿ ಯುದ್ಧ ನಡೆಯುತ್ತಿತ್ತು. ಡೇಟೋನಾ 500 ರೇಸ್‌ನಲ್ಲಿ ಪ್ರಾಯೋಜಕರಿಲ್ಲದ ಐದು ಕಾರುಗಳು ಸೇನೆಯ ಐದು ವಿಭಾಗಗಳ ಹೆಸರು ಹೊತ್ತು ಓಡಿದವು. ಕುಲ್ವಿಕಿ ಕಾರಿನ ಮೇಲೆ ಅಮೆರಿಕದ ಭೂಸೇನೆಯ ಹೆಸರಿತ್ತು. ಅದೂ ಆ ಒಂದು ರೇಸಿಗೆ.

ಮಾರ್ಚ್‌ನಲ್ಲಿ ಅಟ್ಲಾಂಟಾ. ಅಲ್ಲಿ ಅವನು ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿಸಿ ಪೋಲ್ ಸ್ಥಾನ, ಅಂದರೆ ರೇಸ್ ಶುರುವಾಗುವಾಗ ಎಲ್ಲರಿಗಿಂತ ಮುಂದಿನ ಜಾಗ, ಗಳಿಸಿದ. ಹೂಟರ್ಸ್ ಅನ್ನುವ ರೆಸ್ಟೋರೆಂಟ್ ಸರಣಿಯ ಕೇಂದ್ರ ಕಚೇರಿ ಅದೇ ಊರಿನಲ್ಲಿ. ಅವರು ದುಡ್ಡು ಹಾಕಿದ್ದ ಬೇರೊಂದು ಕಾರು ಅರ್ಹತೆಯನ್ನೇ ಪಡೆಯಲಿಲ್ಲ. ಸ್ವಂತ ಊರಿನ ರೇಸಿನಲ್ಲಿ ಹೆಸರು ಕಾಣದಿದ್ದರೆ ಹೇಗೆ? ಇತ್ತ ಮೊದಲ ಸಾಲಿನಲ್ಲಿ ಖಾಲಿ ಬಾನೆಟ್ಟಿನ ಕಾರೊಂದು ನಿಂತಿದೆ. ಒಂದು ರೇಸಿಗೆ ಅಂತ ಒಪ್ಪಂದ ಆಯಿತು. ಅದೇ ಮುಂದುವರಿದು ಹೂಟರ್ಸ್ ಪೂರ್ಣ ಪ್ರಾಯೋಜಕ ಆಯಿತು. ಇದನ್ನು ಅದೃಷ್ಟ ಅನ್ನಬಹುದು. ಆದರೆ ಆ ದಿನ ಅವನು 20ನೇ ಸ್ಥಾನದಲ್ಲಿ ನಿಂತಿದ್ದರೆ ಯಾರೂ ಬಂದು ಮಾತಾಡಿಸುತ್ತಿರಲಿಲ್ಲ. ಇಡೀ ವೃತ್ತಿಯಲ್ಲಿ 207 ರೇಸ್ ಓಡಿಸಿ ಗೆದ್ದದ್ದು 5 ಮಾತ್ರ, ಆದರೆ ಪೋಲ್ ಸ್ಥಾನ ಗಳಿಸಿದ್ದು 24 ಸಲ. ದುಡ್ಡು ಕಡಿಮೆ ಇರುವ ತಂಡಕ್ಕೆ ಒಂದು ಸುತ್ತಿನ ವೇಗ ತೋರಿಸುವುದೇ ಜಾಹೀರಾತು.

ಒಂದೇ ತಲೆಯ ತಂಡ ಒಳಗೆ ಹೇಗಿತ್ತು

ಇವನ ಕೈಕೆಳಗೆ ಕೆಲಸ ಮಾಡುವುದು ಸುಲಭ ಇರಲಿಲ್ಲ. ಪ್ರತಿ ಬೋಲ್ಟೂ ಅವನಿಗೆ ತೃಪ್ತಿಯಾಗುವ ಹಾಗೆ ಇರಬೇಕು. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಟೈರಿನ ಗಾಳಿ, ಯಾವುದನ್ನು ಎಷ್ಟು ಬದಲಿಸಬೇಕು ಅನ್ನುವ ತೀರ್ಮಾನ ಅವನದೇ. ಕೆಲಸಗಾರರು ಬರುತ್ತಿದ್ದರು, ಹೋಗುತ್ತಿದ್ದರು. 1988ರಲ್ಲಿ ಬಂದ ಪಾಲ್ ಆಂಡ್ರ್ಯೂಸ್ ಕ್ರೂ ಚೀಫ್ ಆಗಿ, ಅಂದರೆ ಕಾರಿನ ಕೆಲಸಗಾರರ ಮುಖ್ಯಸ್ಥನಾಗಿ, ಕೊನೆಯವರೆಗೂ ನಿಂತ. ಅಂಥ ಮಾಲೀಕನ ಜೊತೆ ಅಷ್ಟು ವರ್ಷ ಏಗಿದ ಅವನಿಗೆ ಈ ಕಥೆಯಲ್ಲಿ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ ಅಂತ ನನಗನಿಸುತ್ತದೆ.

ನಿಲ್ಲದೆ ಹೋದವರಲ್ಲಿ ಒಬ್ಬನ ಹೆಸರು ನೆನಪಿಡಿ: ರೇ ಎವರ್ನ್‌ಹ್ಯಾಮ್. 1992ರ ಸೀಸನ್‌ಗೆ ಮುಂಚೆ ಅವನು ಕುಲ್ವಿಕಿಯ ತಂಡ ಸೇರಿದ್ದ. ಅವನೂ ಎಲ್ಲಾ ತನಗೆ ತೋಚಿದ ಹಾಗೆ ಆಗಬೇಕು ಅನ್ನುವ ಗುಣದವನೇ. ಒಂದೇ ಒರೆಯಲ್ಲಿ ಎರಡು ಕತ್ತಿ ನಿಲ್ಲುತ್ತವೆಯೇ? ಫೆಬ್ರವರಿಯಲ್ಲಿ ಡೇಟೋನಾದಲ್ಲೇ ಕೆಲಸ ಬಿಟ್ಟು ನಡೆದ. ಆಮೇಲೆ ಜೆಫ್ ಗಾರ್ಡನ್ ಅನ್ನುವ ಹುಡುಗನ ಜೊತೆ ಸೇರಿಕೊಂಡ. ಮೂರು ವರ್ಷದ ನಂತರ ಆ ಜೋಡಿ ಚಾಂಪಿಯನ್ ಆಯಿತು. ಅಂದರೆ ಆ ಕಾಲದ ಅತಿ ಚುರುಕಾದ ಕ್ರೂ ಚೀಫ್ ಒಬ್ಬ ತನ್ನ ಗ್ಯಾರೇಜ್‌ಗೆ ಬಂದಿದ್ದರೂ ಕುಲ್ವಿಕಿಗೆ ಉಳಿಸಿಕೊಳ್ಳಲು ಆಗಲಿಲ್ಲ. ಇದನ್ನು ಅವನ ಅಭಿಮಾನಿಗಳು ಅಷ್ಟಾಗಿ ಹೇಳುವುದಿಲ್ಲ.

1992: 278 ಪಾಯಿಂಟ್ ಹಿಂದೆ

ಆ ವರ್ಷ 29 ರೇಸ್. ಪ್ರತಿ ರೇಸಿನಲ್ಲಿ ಬಂದ ಸ್ಥಾನಕ್ಕೆ ಪಾಯಿಂಟ್, ಕೊನೆಗೆ ಒಟ್ಟು ಪಾಯಿಂಟ್ ಹೆಚ್ಚಿದ್ದವನೇ ಚಾಂಪಿಯನ್. ಕುಲ್ವಿಕಿ ಗೆದ್ದದ್ದು ಎರಡು: ಏಪ್ರಿಲ್‌ನಲ್ಲಿ ಬ್ರಿಸ್ಟಲ್, ಜೂನ್‌ನಲ್ಲಿ ಪೊಕೊನೊ. ಸೆಪ್ಟೆಂಬರ್‌ನಲ್ಲಿ ಡೋವರ್‌ನಲ್ಲಿ ಕಾರು ಅಪಘಾತಕ್ಕೆ ಸಿಕ್ಕಿತು. ಉಳಿದದ್ದು ಆರೇ ರೇಸ್, ಮುಂದಿದ್ದ ಬಿಲ್ ಎಲಿಯಟ್‌ಗಿಂತ ಇವನು 278 ಪಾಯಿಂಟ್ ಹಿಂದೆ. ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು.

ಈ ಎಲಿಯಟ್ ಯಾರ ಕಾರು ಓಡಿಸುತ್ತಿದ್ದ ಗೊತ್ತಾ? ಜೂನಿಯರ್ ಜಾನ್ಸನ್‌ನ 11ನೇ ನಂಬರ್. ಕುಲ್ವಿಕಿ ಬೇಡ ಅಂದಿದ್ದ ಅದೇ ಸೀಟು.

ಆ ಶರತ್ಕಾಲದಲ್ಲಿ ಎಲಿಯಟ್‌ಗೆ ಒಂದರ ಹಿಂದೆ ಒಂದು ತೊಂದರೆ. ಕಾರು ಕೆಡುತ್ತಾ ಹೋಯಿತು. ಕುಲ್ವಿಕಿ ಗೆಲ್ಲಲಿಲ್ಲ, ಆದರೆ ಶಾರ್ಲೆಟ್‌ನಲ್ಲಿ ಎರಡನೆಯವನಾಗಿ, ಮಿಕ್ಕ ಕಡೆ ಸಿಕ್ಕ ಸ್ಥಾನಕ್ಕೆ ಕಾರನ್ನು ತಂದು ನಿಲ್ಲಿಸುತ್ತಾ ಹೋದ. ಕೊನೆಯ ರೇಸಿಗೆ ಬರುವಾಗ ಲೆಕ್ಕ ಹೀಗಿತ್ತು: ಡೇವಿ ಆಲಿಸನ್ 3928, ಕುಲ್ವಿಕಿ 3898, ಎಲಿಯಟ್ 3888. ಇವರ ಹಿಂದೆ ಇನ್ನೂ ಮೂವರಿಗೆ ಲೆಕ್ಕದ ಪ್ರಕಾರ ಅವಕಾಶ ಇತ್ತು.

ರೇಸ್ 1992ರ ನವೆಂಬರ್ 15ರಂದು, ಅಟ್ಲಾಂಟಾದಲ್ಲಿ. 328 ಸುತ್ತು. ಅದು ಈ ಆಟದ ಹಳೆಯ ದಿಗ್ಗಜ ರಿಚರ್ಡ್ ಪೆಟ್ಟಿಯ ಕೊನೆಯ ರೇಸ್, ಜೆಫ್ ಗಾರ್ಡನ್‌ನ ಮೊದಲ ಕಪ್ ರೇಸ್. ಗಾರ್ಡನ್‌ನ ಪಿಟ್‌ನಲ್ಲಿ, ಅಂದರೆ ರೇಸ್ ನಡುವೆ ಪೆಟ್ರೋಲ್, ಟೈರ್ ಹಾಕಿಸಿಕೊಳ್ಳಲು ಕಾರು ಬಂದು ನಿಲ್ಲುವ ಜಾಗದಲ್ಲಿ, ನಿಂತಿದ್ದವನು ಎವರ್ನ್‌ಹ್ಯಾಮ್. ರೇಸಿನ ಹೆಸರು ಹೂಟರ್ಸ್ 500.

ಕುಲ್ವಿಕಿಯ ಕಾರು ಫೋರ್ಡ್ ಥಂಡರ್‌ಬರ್ಡ್. ಅವನು ಫೋರ್ಡ್ ಕಂಪನಿಯ ಮತ್ತು ನ್ಯಾಸ್ಕಾರ್‌ನ ಅನುಮತಿ ಪಡೆದು ಮುಂದಿನ ಬಂಪರ್ ಮೇಲಿದ್ದ ಇಂಗ್ಲಿಷ್ ಹೆಸರಿನ ಮೊದಲ ಎರಡು ಅಕ್ಷರ (TH) ಕಿತ್ತುಹಾಕಿದ. ಉಳಿದದ್ದು 'ಅಂಡರ್‌ಬರ್ಡ್'. ತಾನು ಎಲ್ಲರಿಗಿಂತ ಸಣ್ಣವನು ಅನ್ನುವುದನ್ನೇ ಕಾರಿನ ಮೂತಿಗೆ ಅಂಟಿಸಿಕೊಂಡು ಬಂದ.

ಮೊದಲ ಸಲ ಪಿಟ್‌ನಿಂದ ಹೊರಡುವಾಗಲೇ ಫಸ್ಟ್ ಗೇರ್ ಮುರಿಯಿತು. ಗೇರ್‌ಬಾಕ್ಸ್ ಒಳಗೆ ಲೋಹದ ಚೂರುಗಳು. ಗೇರ್ ಬದಲಿಸಿದರೆ ಆ ಚೂರು ಎಲ್ಲಿಗೋ ಸಿಕ್ಕಿಕೊಂಡು ಉಳಿದ ಗೇರೂ ಹೋಗಬಹುದು. ಹಾಗಾಗಿ ಅಲ್ಲಿಂದ ಮುಂದೆ ಪ್ರತಿ ಸಲ ಪಿಟ್‌ನಿಂದ ಫೋರ್ತ್ ಗೇರ್‌ನಲ್ಲೇ ಹೊರಡಬೇಕು. ಟಾಪ್ ಗೇರ್‌ನಲ್ಲಿ ನಿಂತ ಗಾಡಿ ಎತ್ತಿ ನೋಡಿದವರಿಗೆ ಅದು ಏನು ಕಷ್ಟ ಅಂತ ಗೊತ್ತು. ಹುಡುಗರು ಹಿಂದಿನಿಂದ ಕಾರನ್ನು ತಳ್ಳಬೇಕಾಯಿತು. ಚಾಂಪಿಯನ್‌ಶಿಪ್ ನಿರ್ಧರಿಸುವ ರೇಸಿನಲ್ಲಿ ತಳ್ಳು ಗಾಡಿ!

ಆಲಿಸನ್‌ಗೆ 5ನೇ ಸ್ಥಾನ ಬಂದರೂ ಸಾಕಿತ್ತು. 253ನೇ ಸುತ್ತಿನಲ್ಲಿ ಅರ್ನಿ ಅರ್ವನ್‌ನ ಕಾರು ಅವನ ಮುಂದೆ ಹಿಡಿತ ತಪ್ಪಿ ತಿರುಗಿತು. ಆಲಿಸನ್ ಹೋಗಿ ಅದಕ್ಕೆ ಹೊಡೆದ. ಅವನ ಆಸೆ ಅಲ್ಲಿಗೆ ಮುಗಿಯಿತು. ಉಳಿದವರು ಎಲಿಯಟ್ ಮತ್ತು ಕುಲ್ವಿಕಿ, ಟ್ರ್ಯಾಕ್ ಮೇಲೂ ಮೊದಲಿಬ್ಬರು ಅವರೇ.

ಈಗ ಲೆಕ್ಕ ಸ್ವಲ್ಪ ಸೂಕ್ಷ್ಮ, ತಾಳ್ಮೆಯಿಂದ ಓದಿ. ಗೆದ್ದವನಿಗೆ 175 ಪಾಯಿಂಟ್, ಎರಡನೆಯವನಿಗೆ 170. ಒಂದು ಸುತ್ತಾದರೂ ಮುಂದೆ ಇದ್ದವನಿಗೆ 5 ಬೋನಸ್. ಎಲ್ಲರಿಗಿಂತ ಹೆಚ್ಚು ಸುತ್ತು ಮುಂದೆ ಇದ್ದವನಿಗೆ ಮತ್ತೆ 5. ಕುಲ್ವಿಕಿ ಎಲಿಯಟ್‌ಗಿಂತ 10 ಪಾಯಿಂಟ್ ಮುಂದಿದ್ದ. ಎಲಿಯಟ್ ರೇಸ್ ಗೆದ್ದು, ಆ ಕೊನೆಯ 5 ಬೋನಸ್ಸೂ ಅವನಿಗೇ ಸಿಕ್ಕಿದರೆ ಇಬ್ಬರದೂ 4073 ಆಗುತ್ತದೆ. ಆಗ ಹೆಚ್ಚು ರೇಸ್ ಗೆದ್ದವನೇ ಚಾಂಪಿಯನ್. ಎಲಿಯಟ್‌ನದು 5 ಗೆಲುವು, ಕುಲ್ವಿಕಿಯದು 2. ಆದ್ದರಿಂದ ಕುಲ್ವಿಕಿ ರೇಸ್ ಗೆಲ್ಲಲೇಬೇಕು ಅಂತೇನಿಲ್ಲ. ಎರಡನೆಯವನಾಗಿ, ಹೆಚ್ಚು ಸುತ್ತು ಮುಂದೆ ಇದ್ದರೆ ಸಾಕು.

ಪಿಟ್‌ನಲ್ಲಿ ಪೆನ್ನು ಹಿಡಿದು ಕೂತು ಲೆಕ್ಕ ಹಾಕಿದರು. ಕೊನೆಯ ಸಲ ಪೆಟ್ರೋಲ್‌ಗೆ ಬರುವ ಮುಂಚೆ ಇನ್ನೂ ಒಂದು ಸುತ್ತು ಮುಂದೆ ಇದ್ದರೆ, ಆಮೇಲೆ ಎಲಿಯಟ್ ಎಷ್ಟೇ ಮುಂದಿದ್ದರೂ ಅವನ ಎಣಿಕೆ ಇವನದನ್ನು ದಾಟಲಾರದು. ಕುಲ್ವಿಕಿ ಆ ಸುತ್ತು ಪೂರ್ತಿ ಮಾಡಿಯೇ ಒಳಗೆ ಬಂದ. ಪೆಟ್ರೋಲ್ ಮಾತ್ರ ಹಾಕಿಸಿಕೊಂಡ, ಅದೂ ಅವಸರದಲ್ಲಿ. ಎಷ್ಟು ಬಿತ್ತು ಅನ್ನುವುದು ಯಾರಿಗೂ ಖಾತ್ರಿ ಇರಲಿಲ್ಲ. ಮಿಕ್ಕ ಸುತ್ತುಗಳಲ್ಲಿ ಅವನು ಎಲಿಯಟ್‌ನನ್ನು ಅಟ್ಟಿಸಿಕೊಂಡು ಹೋಗಲಿಲ್ಲ. ಪೆಟ್ರೋಲ್ ಉಳಿಸಿಕೊಂಡು ಎರಡನೇ ಸ್ಥಾನ ಕಾಯ್ದುಕೊಂಡ.

ಎಲಿಯಟ್ ರೇಸ್ ಗೆದ್ದ. ಅವನು ಮುಂದೆ ಇದ್ದದ್ದು 102 ಸುತ್ತು, ಕುಲ್ವಿಕಿ 103. ಇಬ್ಬರಿಗೂ ಆ ದಿನ ಸಿಕ್ಕಿದ್ದು 180 ಪಾಯಿಂಟ್. ಕುಲ್ವಿಕಿ 4078, ಎಲಿಯಟ್ 4068. ಅಲ್ಲಿಯವರೆಗೆ ಆ ಸರಣಿ ಕಂಡ ಅತಿ ಕಡಿಮೆ ಅಂತರ ಅದು. ಟಿವಿ ಕ್ಯಾಮೆರಾ ಕಾಯುತ್ತಿದ್ದರೂ ಚಾಂಪಿಯನ್ ಕಾರಿನಿಂದ ಇಳಿಯುವ ಮುಂಚೆ ಬಾಚಣಿಗೆ ತೆಗೆದು ತಲೆ ಬಾಚಿಕೊಂಡ.

ಇಲ್ಲಿ ಒಂದು ಮಾತು ಹೇಳಬೇಕು. ಇದನ್ನು 'ಬಡವನ ಛಲ' ಅಂತ ಹೇಳಿ ಮುಗಿಸುವವರು ಜಾಸ್ತಿ. ಛಲ ಇತ್ತು, ನಿಜ. ಆದರೆ ಛಲ ಜಾಸ್ತಿಯಾಗಿದ್ದರೆ ಅವನು ಕೊನೆಯ ಸುತ್ತುಗಳಲ್ಲಿ ಗೆಲ್ಲಲು ಹೋಗಿ ಪೆಟ್ರೋಲ್ ಖಾಲಿ ಮಾಡಿಕೊಳ್ಳುತ್ತಿದ್ದ. ಎದುರಿನವನು ಗೆಲ್ಲಲಿ ಅಂತ ಬಿಟ್ಟುಕೊಟ್ಟು ಚಾಂಪಿಯನ್ ಆಗುವುದಕ್ಕೆ ಬೇರೆ ಥರದ ತಲೆ ಬೇಕು. ಜೊತೆಗೆ, ಮಾಲೀಕ, ಡ್ರೈವರ್ ಇಬ್ಬರೂ ಒಬ್ಬನೇ ಆಗಿದ್ದರಿಂದ ಆ ತೀರ್ಮಾನಕ್ಕೆ ಯಾರ ಮನ ಒಲಿಸುವ ಕೆಲಸವೂ ಇರಲಿಲ್ಲ.

ಏಪ್ರಿಲ್ 1, 1993

ಆ ದಿನ ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ಪ್ರಾಯೋಜಕರ ಕಾರ್ಯಕ್ರಮ ಮುಗಿಸಿ, ಅವರದೇ ಸಣ್ಣ ವಿಮಾನದಲ್ಲಿ ಕುಲ್ವಿಕಿ ಬ್ರಿಸ್ಟಲ್ ರೇಸಿಗೆ ಹೊರಟಿದ್ದ. ಇಳಿಯುವ ಮುಂಚೆ, ಬ್ಲೌಂಟ್‌ವಿಲ್ ಹತ್ತಿರ, ವಿಮಾನ ಬಿತ್ತು. ಅದರಲ್ಲಿದ್ದ ನಾಲ್ವರೂ ತೀರಿಕೊಂಡರು. ಕುಲ್ವಿಕಿಗೆ 38 ವರ್ಷ. ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಯಲ್ಲಿ ಮಂಜುಗಡ್ಡೆ ಕಟ್ಟಿದ್ದನ್ನು ತನಿಖೆ ಕಾರಣವಾಗಿ ಹೆಸರಿಸಿತು.

ಮರುದಿನ ಮಳೆ. ತಂಡದ ದೊಡ್ಡ ಟ್ರಕ್ ಬ್ರಿಸ್ಟಲ್ ಟ್ರ್ಯಾಕ್ ಮೇಲೆ ನಿಧಾನವಾಗಿ ಸುತ್ತು ಹಾಕಿ, ಗೇಟು ದಾಟಿ ಹೋಯಿತು. ಆ ಭಾನುವಾರ ಗೆದ್ದ ರಸ್ಟಿ ವಾಲೇಸ್ ಟ್ರ್ಯಾಕ್ ಅನ್ನು ಉಲ್ಟಾ ಸುತ್ತಿದ. ಜುಲೈನಲ್ಲಿ ಡೇವಿ ಆಲಿಸನ್ ಕೂಡ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡ. ಅಟ್ಲಾಂಟಾದಲ್ಲಿ ಕೊನೆಯ ಹಂತದವರೆಗೂ ಲೆಕ್ಕದಲ್ಲಿದ್ದ ಮೂವರಲ್ಲಿ ಇಬ್ಬರು ಒಂದೇ ವರ್ಷದಲ್ಲಿ ಇಲ್ಲ.

ದೊಡ್ಡ ತಂಡದಲ್ಲಿ ಡ್ರೈವರ್ ಹೋದರೆ ಮಾಲೀಕ ಇರುತ್ತಾನೆ, ಮಾಲೀಕ ಹೋದರೆ ಮನೆಯವರು ಮುಂದುವರಿಸುತ್ತಾರೆ. ಇಲ್ಲಿ ಎರಡನೆಯವನು ಅಂತ ಯಾರೂ ಇರಲಿಲ್ಲ. ಜಿಮ್ಮಿ ಹೆನ್ಸ್ಲಿ ಹೆಚ್ಚಿನ ರೇಸ್‌ಗಳಲ್ಲಿ 7ನೇ ನಂಬರ್ ಓಡಿಸಿದ. ಅದೇ ವರ್ಷ ತಂಡವನ್ನು ಜೆಫ್ ಬೊಡೈನ್ ಕೊಂಡ. ಬೊಡೈನ್ ಯಾರು? 1990ರಲ್ಲಿ ಕುಲ್ವಿಕಿ ಬೇಡ ಅಂದಾಗ ಜಾನ್ಸನ್‌ನ 11ನೇ ಕಾರಿನಲ್ಲಿ ಕೂತವನು. ಆಂಡ್ರ್ಯೂಸ್ ಅವನ ಜೊತೆಗೂ ಉಳಿದ. 1994ರಲ್ಲಿ ಬೊಡೈನ್ ಮೂರು ರೇಸ್ ಗೆದ್ದ, 1996ರಲ್ಲಿ ಒಂದು. ಆಮೇಲೆ ದುಡ್ಡಿನ ತಾಪತ್ರಯ ಶುರುವಾಗಿ ತಂಡ ಕೈಯಿಂದ ಕೈಗೆ ಹೋಯಿತು.

1992ರ ಗೆಲುವು ನೋಡಿ ತಾವೂ ಮಾಲೀಕರಾಗಬಹುದು ಅಂತ ಹೊರಟ ಡ್ರೈವರ್‌ಗಳು ಆ ದಶಕದಲ್ಲಿ ಹಲವರು. ಬೊಡೈನ್‌ನ ತಮ್ಮ ಬ್ರೆಟ್, ಜೂನಿಯರ್ ಜಾನ್ಸನ್‌ನ ತಂಡವನ್ನೇ ಕೊಂಡ. ಅಣ್ಣನ ಹತ್ತಿರ ಕುಲ್ವಿಕಿಯ ತಂಡ, ತಮ್ಮನ ಹತ್ತಿರ ಜಾನ್ಸನ್‌ನ ತಂಡ. ಬ್ರೆಟ್ ಮಾಲೀಕನಾಗಿ ಒಂದೂ ಗೆಲ್ಲಲಿಲ್ಲ. ಮಾಲೀಕ-ಡ್ರೈವರ್ ಒಬ್ಬ ಮತ್ತೆ ಚಾಂಪಿಯನ್ ಆದದ್ದು 2011ರಲ್ಲಿ, ಟೋನಿ ಸ್ಟುವರ್ಟ್. ಅವನಿಗೆ ಪಾಲುದಾರ ಇದ್ದ. ಎಂಜಿನ್, ಚಾಸಿ ಎರಡೂ ಹೆಂಡ್ರಿಕ್ ಅನ್ನುವ ದೊಡ್ಡ ತಂಡದಿಂದ ಬರುತ್ತಿದ್ದವು.

ಬಿಲ್ ಎಲಿಯಟ್ ಕೂಡ 1995ರಿಂದ ಸ್ವಂತ ತಂಡ ನಡೆಸಿದ. ಆರು ಸೀಸನ್, ಒಂದೂ ಗೆಲುವಿಲ್ಲ. ಕೊನೆಗೆ ತಂಡವನ್ನು ಮಾರಿದ. ಕೊಂಡವನು ರೇ ಎವರ್ನ್‌ಹ್ಯಾಮ್, ಅಂದರೆ 1992ರಲ್ಲಿ ಕುಲ್ವಿಕಿಯನ್ನು ಬಿಟ್ಟು ನಡೆದವನು. 2001ರಲ್ಲಿ ಎಲಿಯಟ್ ಅವನ ಕೈಕೆಳಗೆ ಸಂಬಳದ ಡ್ರೈವರ್ ಆಗಿ ಸೇರಿದ. ಅದೇ ವರ್ಷದ ನವೆಂಬರ್‌ನಲ್ಲಿ, ಹೋಮ್‌ಸ್ಟೆಡ್‌ನಲ್ಲಿ, ಮತ್ತೆ ರೇಸ್ ಗೆದ್ದ.